ನಿಮ್ಮೂರಿನ ಸಂತೆ ಯಾವ ವಾರ?

(ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತು. ಹಲವು ಕೇಳುಗರು ಬರಹದಲ್ಲಿ ಬೇಕೆಂದು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇವೆ.)



ಇವತ್ತು ಹಾಡು ಸ್ವಲ್ಪ ಕಡಿಮೆ, ಮಾತು ಸ್ವಲ್ಪ ಜಾಸ್ತಿ. ಬೇಜಾರು ಮಾಡಿಕೊಳ್ಳಬೇಡಿ. ಇದಕ್ಕೆಲ್ಲ ಕಾರಣ ಎರಡು ವಾರದ ಹಿಂದೆ ಧನಕವಡಿಯಿಂದ ಬಂದ ಒಂದು ಫೋನು.

ಫೋನು ಮಾಡಿದವರು ನಮ್ಮ ಹಳೆಯ ಕೇಳುಗರು. ಬಾದಾಮಿ ಕಡೆಯವರು. ಧನಕವಡಿಯಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ಯಾವಾಗಲೂ ರಾಜಕುಮಾರ್ ಹಾಡು ಕೇಳುವವರು ಅವತ್ತು ಹಾಡು ಕೇಳಲಿಲ್ಲ.

"ಮೇಡಂ, ಹಾಡು ಬ್ಯಾಡ್ರಿ. ನಮ್ಮ ಹುಡುಗಿಗೆ ನೀವೊಂದ್ ಮಾತು ಹೇಳ್ಬೇಕ್ರಿ. ಬಿ.ಎ. ಮುಗಿಸ್ಯಾಳ. ಈಗ ಎಂ.ಎ. ಭೂಗೋಳ ಮಾಡ್ತೀನಿ ಅಂತ ಹಠ ಹಿಡಿದಾಳ. ಅದ್ರಾಗೂ ಮಾನವ ಭೂಗೋಳ ಅಂತ್ರಿ! ಭೂಗೋಳ ಅಂದ್ರ ಹೊಳಿ, ಗುಡ್ಡ, ಮಳಿ. ಅದು ತಿಳೀತದ. ಮನಷ್ಯಾಗ ಎಂಥಾ ಭೂಗೋಳರೀ? ಬಿ.ಎಡ್. ಮಾಡವಾ, ಇಲ್ಲಾ ಬ್ಯಾಂಕ್ ಪರೀಕ್ಷೆ ಬರಿಯವಾ ಅಂದ್ರ ಕೇಳವಲ್ಲಳು. ನೀವು ರೇಡಿಯೋದಾಗ ಹೇಳಿದ್ರ ಕೇಳ್ತಾಳ. ತಿಂಗಳ ಕೊನೀಗೆ ಫೀ ತುಂಬೂದದ."

ನಿಜ ಹೇಳಲಾ? ನಾನು ಏನೂ ಹೇಳಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಅಣ್ಣಾ" ಅಂದು ಒಂದು ಹಾಡು ಹಾಕಿಬಿಟ್ಟೆ. ಯಾಕಂದರೆ ನಾನು ಕನ್ನಡ ಬಿ.ಎ. "ಕನ್ನಡ ಓದಿ ಏನ್ ಮಾಡ್ತೀಯಾ?" ಅನ್ನುವ ಪ್ರಶ್ನೆಯನ್ನು ನಮ್ಮ ಮನೆಯ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲದರಲ್ಲೂ ಕೇಳಿಸಿಕೊಂಡು ಬೆಳೆದವಳು. ಆ ಹುಡುಗಿಗೆ ನಾನೇ ಬುದ್ಧಿ ಹೇಳುವುದಾ? ಆದರೆ ತಂದೆಯ ಚಿಂತೆ ಸುಳ್ಳಲ್ಲ. ಅಂಗಡಿಯ ದುಡ್ಡಿನಲ್ಲಿ ಫೀ ತುಂಬುವವರು ಅವರು. ಅದಕ್ಕೇ ಎರಡು ವಾರ ಲೈಬ್ರರಿಗೆ ಹೋದೆ, ಗೊತ್ತಿದ್ದವರನ್ನು ಕೇಳಿದೆ. ಮಾನವ ಭೂಗೋಳದ ಪ್ರೊಫೆಸರ್ ಅಂದರೆ ಏನು ಮಾಡುತ್ತಾರೆ, ಜೀವಮಾನವಿಡೀ ಏನನ್ನು ಹುಡುಕುತ್ತಾರೆ ಅಂತ. ಹುಡುಕುತ್ತಾ ಹೋದರೆ ಅವರಲ್ಲೊಬ್ಬರು ನಮ್ಮ ಸಂತೆಯೊಳಗೇ ಸಿಗಬೇಕೇ!

ಅವರ ಹೆಸರು ಸಿ. ಡಿ. ದೇಶಪಾಂಡೆ. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಸಿ. ಡಿ. ದೇಶಮುಖ್ ಬೇರೆ, ಇವರು ಬೇರೆ. ನೋಟಿನ ಮೇಲೆ ಇವರ ಸಹಿ ಬರಲಿಲ್ಲ. ಇವರು ಭೂಗೋಳದ ಮೇಷ್ಟ್ರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. 1941ರಲ್ಲಿ ಮದ್ರಾಸಿನಿಂದ ಹೊರಡುತ್ತಿದ್ದ ಭೂಗೋಳದ ಪತ್ರಿಕೆಯಲ್ಲಿ ಅವರದೊಂದು ಇಂಗ್ಲಿಷ್ ಲೇಖನ ಬಂತು. ಅದರ ತಲೆಬರಹವನ್ನು ಕನ್ನಡದಲ್ಲಿ ಹೇಳುವುದಾದರೆ "ಬಾಂಬೆ ಕರ್ನಾಟಕದ ಸಂತೆ ಊರುಗಳು ಮತ್ತು ಜಾತ್ರೆಗಳು".

1941 ಅಂದರೆ ನೆನಪಿಸಿಕೊಳ್ಳಿ. ಸ್ವಾತಂತ್ರ್ಯ ಬಂದಿಲ್ಲ. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಎಲ್ಲವೂ ಬಾಂಬೆ ಪ್ರಾಂತದೊಳಗಿದ್ದವು. ಆವಾಗ ಪುಣೆಯೂ ಧಾರವಾಡವೂ ಒಂದೇ ಪ್ರಾಂತದಲ್ಲಿದ್ದವು. ಬೇಂದ್ರೆಯವರು ಬಿ.ಎ. ಮಾಡಿದ್ದು ನಮ್ಮ ಇದೇ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ, 1918ರಲ್ಲಿ. ಆ ನಾಲ್ಕು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಆ ಕಾಲದಲ್ಲಿ ಒಬ್ಬ ಮೇಷ್ಟ್ರು ಸಂತೆಯ ಬಗ್ಗೆ ವಿದ್ವತ್ ಪತ್ರಿಕೆಗೆ ಬರೆಯುತ್ತಾರೆ ಅಂದರೆ ಎಷ್ಟು ಜನ ನಕ್ಕಿರಬೇಕು! ಸಂತೆ ಅಂದರೆ ಓದಿದವರಿಗೆ ಅಷ್ಟಕ್ಕಷ್ಟೇ. ಗಲಾಟೆ ಮಾಡುವ ಮಕ್ಕಳಿಗೆ "ಇದೇನು ಮನೆಯಾ, ಸಂತೆಯಾ?" ಅಂತ ಬೈಯುವವರು ನಾವು. ಆದರೆ ಭೂಗೋಳದವರ ಕಣ್ಣಿಗೆ ಆ ಗಲಾಟೆಯೊಳಗೆ ಒಂದು ಲೆಕ್ಕ ಕಾಣುತ್ತದೆ. ಆ ಲೆಕ್ಕವನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇನೆ.

ನಿಮ್ಮ ಅಜ್ಜಿಯನ್ನು ನೆನೆಸಿಕೊಳ್ಳಿ. ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಮೆಣಸಿನಕಾಯೋ, ಬದನೆಕಾಯೋ, ಬೆಣ್ಣೆಯೋ. ಬೆಳಗಾಗುತ್ತಲೇ ಹೊರಡಬೇಕು, ಮಾರಬೇಕು, ಉಪ್ಪು, ಬೆಲ್ಲ, ಎಣ್ಣೆ ಕೊಳ್ಳಬೇಕು, ಹೊತ್ತು ಮುಳುಗುವ ಮೊದಲು ಮನೆ ಸೇರಬೇಕು. ಹೊರೆ ಹೊತ್ತವರು ಗಂಟೆಗೆ ಮೂರು ಕಿಲೋಮೀಟರ್ ನಡೆದರೆ, ಮೂರು ಗಂಟೆಗೆ ಒಂಬತ್ತು ಕಿಲೋಮೀಟರ್. ಅದಕ್ಕಿಂತ ದೂರದ ಸಂತೆ ಅಜ್ಜಿಗೆ ಆಗಿಬರುವುದಿಲ್ಲ. ಅಂದಮೇಲೆ ಎರಡು ಸಂತೆಗಳ ನಡುವೆ ಎಷ್ಟು ಅಂತರ ಇರಬೇಕು ಅನ್ನುವುದನ್ನು ತೀರ್ಮಾನ ಮಾಡಿದವರು ಯಾರು? ಸರಕಾರ ಅಲ್ಲ. ಅಜ್ಜಿಯ ಕಾಲು.

ಇನ್ನು ವಾರದ ಲೆಕ್ಕ. ಹಳ್ಳಿಯೊಂದರಲ್ಲಿ ದಿನಾಲೂ ಬಟ್ಟೆ ಅಂಗಡಿ ನಡೆಯುವಷ್ಟು ಗಿರಾಕಿಗಳಿಲ್ಲ. ಹಾಗಾಗಿ ಗಿರಾಕಿ ಅಂಗಡಿಯ ಹತ್ತಿರ ಬರುವ ಬದಲು ಅಂಗಡಿಯೇ ಗಿರಾಕಿಯ ಹತ್ತಿರ ಹೋಗುತ್ತದೆ. ಬಳೆಗಾರ ಸೋಮವಾರ ಒಂದೂರು, ಮಂಗಳವಾರ ಇನ್ನೊಂದೂರು, ಬುಧವಾರ ಮತ್ತೊಂದೂರು. ವಾರ ತುಂಬುವುದರೊಳಗೆ ಒಂದು ಸುತ್ತು. ಅಕ್ಕಪಕ್ಕದ ಎರಡು ಊರುಗಳು ಒಂದೇ ವಾರ ಸಂತೆ ಮಾಡಿದರೆ ಇಬ್ಬರಿಗೂ ನಷ್ಟ. ಅದಕ್ಕೇ ನಿಮ್ಮೂರಿನ ಸಂತೆ ಗುರುವಾರ ಇದ್ದರೆ ಪಕ್ಕದೂರಿನದು ಬೇರೆ ವಾರ ಇರುತ್ತದೆ. ಇನ್ನು ಎತ್ತು, ಹೋರಿಯಂಥ ದೊಡ್ಡ ವ್ಯಾಪಾರಕ್ಕೆ ವಾರದ ಸಂತೆ ಸಾಲದು. ಅದಕ್ಕೆ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೆ ಜಾತ್ರೆ. ತೇರೂ ಆಯಿತು, ದನದ ವ್ಯಾಪಾರವೂ ಆಯಿತು, ಬೀಗರ ಭೇಟಿಯೂ ಆಯಿತು.

ಇದೇ ಲೆಕ್ಕವನ್ನು ಜರ್ಮನಿಯಲ್ಲಿ ವಾಲ್ಟರ್ ಕ್ರಿಸ್ಟಾಲರ್ ಅನ್ನುವವರು 1933ರಲ್ಲಿ ಪುಸ್ತಕವಾಗಿ ಬರೆದಿದ್ದರು. ದಕ್ಷಿಣ ಜರ್ಮನಿಯ ಊರುಗಳ ನಕ್ಷೆ ಇಟ್ಟುಕೊಂಡು, ಪ್ರತಿ ಪೇಟೆಯ ಸುತ್ತಲಿನ ಸೀಮೆ ಜೇನುಗೂಡಿನ ಕಣ್ಣಿನಂತೆ ಆರು ಮೂಲೆಯದಾಗಿರಬೇಕು ಅಂತ ವಾದಿಸಿದರು. ಯಾಕೆ ಆರು ಮೂಲೆ? ದುಂಡಗಿನ ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿ ನೋಡಿ, ನಡುವೆ ಸಂದು ಉಳಿಯುತ್ತದೆ. ಆ ಸಂದಿನಲ್ಲಿರುವ ಹಳ್ಳಿಗೆ ಯಾವ ಪೇಟೆಯೂ ಇಲ್ಲದ ಹಾಗಾಗುತ್ತದೆ. ಆರು ಮೂಲೆಯಾದರೆ ಸಂದು ಉಳಿಯುವುದಿಲ್ಲ. ಆಮೇಲೆ 1964-65ರಲ್ಲಿ ವಿಲಿಯಂ ಸ್ಕಿನ್ನರ್ ಎಂಬ ಅಮೆರಿಕದ ವಿದ್ವಾಂಸರು ಚೀನಾದ ಹಳ್ಳಿ ಸಂತೆಗಳ ಬಗ್ಗೆ ಬರೆದು ಜಗತ್ಪ್ರಸಿದ್ಧರಾದರು. ರೈತನ ಪ್ರಪಂಚ ಅಂದರೆ ಅವನ ಹಳ್ಳಿಯಲ್ಲ, ಅವನು ಹೋಗುವ ಸಂತೆಯ ಸೀಮೆ. ಅವನಿಗೆ ಸಾಲ ಸಿಗುವುದು, ಸುದ್ದಿ ಸಿಗುವುದು, ಹೆಣ್ಣು ಗಂಡು ಕೂಡಿಬರುವುದು ಎಲ್ಲ ಅದರೊಳಗೇ ಅನ್ನುವುದು ಅವರ ಮಾತಿನ ತಾತ್ಪರ್ಯ.

ಇಸವಿ ಗಮನಿಸಿದಿರಾ? ಚೀನಾದ ಸಂತೆಯ ಬಗ್ಗೆ ಜಗತ್ತು ಓದುವ ಇಪ್ಪತ್ತು ವರ್ಷಕ್ಕೂ ಮೊದಲೇ ನಮ್ಮ ಬೆಳಗಾವಿ, ಧಾರವಾಡ ಸೀಮೆಯ ಸಂತೆ ಅಚ್ಚಿನಲ್ಲಿ ಬಂದಿತ್ತು. ಸಂತೆಗಳ ಬಗ್ಗೆ ಸಂಶೋಧನೆ ಮಾಡುವವರು ದೇಶಪಾಂಡೆಯವರ ಆ ಲೇಖನವನ್ನು ಆಮೇಲೂ ಎಷ್ಟೋ ವರ್ಷ ಹೆಸರಿಸುತ್ತಾ ಬಂದಿದ್ದಾರೆ. ನಮಗೆ ಮಾತ್ರ ಗೊತ್ತಿರಲಿಲ್ಲ.

ಅದೇ 1941ರಲ್ಲಿ ಅವರು ಬಾಂಬೆ ಪ್ರಾಂತದ ಪಟ್ಟಣಗಳ ಬಗ್ಗೆಯೂ ಬರೆದರು. 1948ರಲ್ಲಿ ಪಶ್ಚಿಮ ಭಾರತದ ಪ್ರಾದೇಶಿಕ ಭೂಗೋಳದ ಮೇಲೆ ಅವರ ದೊಡ್ಡ ಪುಸ್ತಕ ಬಂತು. ಅದು ಪ್ರಕಟವಾದದ್ದು ಎಲ್ಲಿ ಅಂತೀರಿ? ಮುಂಬಯಿಯಲ್ಲಲ್ಲ, ಪುಣೆಯಲ್ಲಲ್ಲ, ಧಾರವಾಡದಲ್ಲಿ! ಸ್ಟೂಡೆಂಟ್ಸ್ ಓನ್ ಬುಕ್ ಡಿಪೋದವರು ಹೊರತಂದರು. 1971ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಅವರಿಂದ ಮಹಾರಾಷ್ಟ್ರದ ಭೂಗೋಳ ಬರೆಸಿತು. 1980ರಲ್ಲಿ ಬಿ. ಅರುಣಾಚಲಂ, ಎಲ್. ಎಸ್. ಭಟ್ ಅವರ ಜತೆ ಸೇರಿ ಇನ್ನೊಂದು ಪುಸ್ತಕ. ಒಂದು ಮಹಾನಗರ ತನ್ನ ಸುತ್ತಲಿನ ಸೀಮೆಯ ಮೇಲೆ ಏನು ಪರಿಣಾಮ ಮಾಡುತ್ತದೆ ಅನ್ನುವುದು ಅದರ ವಿಷಯ. ಅವರು ಆರಿಸಿಕೊಂಡದ್ದು ಕೊಲಾಬಾ ಜಿಲ್ಲೆಯ ದಕ್ಷಿಣ ಭಾಗ, ಈಗಿನ ರಾಯಗಡ ಜಿಲ್ಲೆ. ಮಹಾನಗರ ಮುಂಬಯಿ. 1992ರಲ್ಲಿ ಇಡೀ ಭಾರತದ ಭೂಗೋಳವನ್ನು ಹೊಸದಾಗಿ ವಿವರಿಸುವ ಪುಸ್ತಕ.

ಒಂದು ಸಂತೆಯಿಂದ ಶುರುವಾಗಿ, ಪಟ್ಟಣ, ಪ್ರಾಂತ, ಮಹಾನಗರ, ಕೊನೆಗೆ ದೇಶ. ಮೊದಲ ಲೇಖನಕ್ಕೂ ಆ ಪುಸ್ತಕಕ್ಕೂ ನಡುವೆ ಐವತ್ತೊಂದು ವರ್ಷ. ಅವರು ಕೇಳಿದ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ ಅಂತ ನನಗನ್ನಿಸುತ್ತದೆ. ಜನ ಇಲ್ಲೇ ಯಾಕೆ ಸೇರುತ್ತಾರೆ? ಎಲ್ಲಿಂದ ಬರುತ್ತಾರೆ? ಬಂದಮೇಲೆ ಈ ಜಾಗ ಏನಾಗುತ್ತದೆ, ಬಿಟ್ಟು ಬಂದ ಜಾಗ ಏನಾಗುತ್ತದೆ?

ಅಣ್ಣಾ, ನೀವು ಕೇಳಿದಿರಲ್ಲ, ಮನುಷ್ಯನಿಗೆ ಎಂಥ ಭೂಗೋಳ ಅಂತ. ಇದೇ ನೋಡಿ.

ಇನ್ನೂ ಹತ್ತಿರದ್ದು ಬೇಕೇ? ಪುಣೆಯ ಪೇಟೆಗಳ ಹೆಸರನ್ನೇ ಹೇಳಿ ನೋಡಿ. ಸೋಮವಾರ ಪೇಠ, ಮಂಗಳವಾರ ಪೇಠ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ರವಿವಾರ. ಏಳೂ ವಾರ ತುಂಬಿದವು. ಆಯಾ ವಾರ ಅಲ್ಲಿ ಬಾಜಾರ ಕೂಡುತ್ತಿತ್ತು, ಅದಕ್ಕೇ ಆ ಹೆಸರು ಅಂತ ಇಲ್ಲಿಯ ಹಿರಿಯರು ಹೇಳುತ್ತಾರೆ. ಅವರ ಪೇಠ, ನಮ್ಮ ಪೇಟೆ, ಒಂದೇ ಮಾತು. ಅವರ ಆಠವಡೆ ಬಾಜಾರ ನಮ್ಮ ವಾರದ ಸಂತೆ. ಲಕ್ಷಗಟ್ಟಲೆ ಜನರ ಈ ಊರು ತನ್ನ ಹೆಸರಿನೊಳಗೆ ಸಂತೆಯ ಪಟ್ಟಿಯನ್ನು ಇನ್ನೂ ಬಚ್ಚಿಟ್ಟುಕೊಂಡಿದೆ.

ಪುಣೆಯಲ್ಲೇ ಸಂತೆಯ ಬೆನ್ನು ಹತ್ತಿದ ಇನ್ನೊಬ್ಬರಿದ್ದರು. ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆ. "ಯುಗಾಂತ" ಬರೆದವರು ಅಂದರೆ ನಿಮಗೆ ಥಟ್ಟನೆ ಗೊತ್ತಾಗುತ್ತದೆ. ಅದಕ್ಕೆ 1968ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಅವರು ಮಾನವಶಾಸ್ತ್ರದವರು. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಮಾಡಿ ಬಂದವರು. ಹೇಮಲತಾ ಆಚಾರ್ಯ ಅವರ ಜತೆ ವಾರದ ಸಂತೆಗಳ ಬಗ್ಗೆ ಅವರು ಮಾಡಿದ ಅಧ್ಯಯನ 1970ರಲ್ಲಿ ಡೆಕ್ಕನ್ ಕಾಲೇಜಿನಿಂದ ಪುಸ್ತಕವಾಗಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಕೊಯ್ನಾ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡ ಜನ ಏನಾದರು ಅಂತಲೂ ಅವರು ಜಾಯಿ ನಿಂಬಕರ್ ಅವರೊಡನೆ ಸೇರಿ ಸಮೀಕ್ಷೆ ಮಾಡಿದ್ದರು. ಅದು 1969ರ ಪುಸ್ತಕ.

ಇರಾವತಿಬಾಯಿಯವರ 1953ರ ಪುಸ್ತಕವೊಂದು ಭಾರತದ ಬಂಧುತ್ವವನ್ನೇ ಸೀಮೆ ಸೀಮೆಯಾಗಿ ಹಂಚಿ ತೋರಿಸಿತು. ಅದರಲ್ಲಿ ಕರ್ನಾಟಕ ದಕ್ಷಿಣ ವಲಯದಲ್ಲಿದೆ, ಮಹಾರಾಷ್ಟ್ರ ನಡುವಿನ ವಲಯದಲ್ಲಿ. ಇಲ್ಲಿ ಮನೆ ಮಾಡಿರುವ ನಮಗೆ ಇದು ಅನುಭವದ ಮಾತು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಹಿಂದಿನಿಂದ ನಡೆದು ಬಂದದ್ದು. ಪಕ್ಕದ ಮನೆಯ ಮರಾಠಿ ವಹಿನಿಗೆ ಅದನ್ನು ಹೇಳಿ ನೋಡಿ. ಮಾವನ ಮಗಳು ಅಂದರೆ ತಲೆಯಾಡಿಸುತ್ತಾರೆ, ಅಕ್ಕನ ಮಗಳು ಅಂದ ಕೂಡಲೇ ಹೌಹಾರುತ್ತಾರೆ. ಹೊಳೆ, ಗುಡ್ಡಕ್ಕೆ ಮಾತ್ರ ನಕ್ಷೆ ಅಲ್ಲ. ಮದುವೆಗೂ ಒಂದು ನಕ್ಷೆ ಇದೆ. ಅದರ ಗೆರೆ ನಮ್ಮ ನಿಮ್ಮ ಮನೆಯ ಹೊಸಿಲಿನ ಮೇಲೇ ಹಾದು ಹೋಗಿದೆ.

ಸೀರೆ ಕುಪ್ಪಸಕ್ಕೂ ಇದೆ. ಮರಾಠಿ ಹೆಣ್ಣುಮಕ್ಕಳು ಹಬ್ಬಕ್ಕೆ ಪ್ರೀತಿಯಿಂದ ತೊಡುವ ಖಣ ಎಲ್ಲಿಯದು? ಗುಳೇದಗುಡ್ಡದ್ದು. ಇಳಕಲ್ಲಿನ ಸೀರೆಗೂ ಇಲ್ಲಿ ಗಿರಾಕಿ ಇದ್ದೇ ಇದೆ. ರಾಜ್ಯದ ಗಡಿ 1956ರಲ್ಲಿ ಬಂತು, ಖಣದ ದಾರಿ ಅದಕ್ಕಿಂತ ಹಳೆಯದು.

ಈಗ ಧನಕವಡಿಗೆ ಬರೋಣ. ವಾಡಿ ಅಂದರೆ ಸಣ್ಣ ಊರು. ಹೆಸರೇ ಹೇಳುತ್ತದೆ, ಒಂದು ಕಾಲಕ್ಕೆ ಅದು ಪುಣೆಯ ಹೊರಗಿನ ಹಳ್ಳಿ. ಪಕ್ಕದ ಕಾತ್ರಜದ ಕೆರೆಯಿಂದ ಪೇಶ್ವೆಯವರು ನೆಲದೊಳಗಿನ ಕಾಲುವೆಯಲ್ಲಿ ಪುಣೆಗೆ ನೀರು ತಂದಿದ್ದರು. ಈಗ ಅಲ್ಲಿ ಎಲ್ಲಿ ನೋಡಿದರೂ ಬಿಲ್ಡಿಂಗು. ಒಂದು ಕಡೆ ಶಂಕರ ಮಹಾರಾಜರ ಮಠ, ಇನ್ನೊಂದು ಕಡೆ ಭಾರತಿ ವಿದ್ಯಾಪೀಠ, ನಡುವೆ ಸಾತಾರಾ ರಸ್ತೆ. ಆ ರಸ್ತೆ ಏನು ಗೊತ್ತಲ್ಲ? ಹಳೆಯ ಪುಣೆ-ಬೆಂಗಳೂರು ಹೆದ್ದಾರಿ! ಕಾತ್ರಜ ಘಾಟು ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ. ಆ ದಾರಿಯಲ್ಲಿ ಬಸ್ಸಿಗೆ ಬಂದವರು ಊರಿಗೆ ಹೋಗುವ ಬಸ್ಸು ಸಿಗುವ ರಸ್ತೆಯ ಮಗ್ಗುಲಲ್ಲೇ ಮನೆ ಹುಡುಕಿದರೆ ಅದರಲ್ಲಿ ಆಶ್ಚರ್ಯ ಏನಿದೆ? ಇದೂ ಮಾನವ ಭೂಗೋಳದ ಒಂದು ಪಾಠವೇ. ಮಹಾನಗರ ತನ್ನ ಸುತ್ತಲಿನ ಸೀಮೆಗೆ ಏನು ಮಾಡುತ್ತದೆ ಅಂತ ದೇಶಪಾಂಡೆಯವರು ಮುಂಬಯಿಗೆ ಕೇಳಿದ ಪ್ರಶ್ನೆಯನ್ನು ಪುಣೆಗೆ ಕೇಳಬೇಕಿದ್ದರೆ ಧನಕವಡಿಯಲ್ಲಿ ನಿಂತು ಕೇಳಬಹುದು. ಹಾಗೆ ಕೇಳುವವರಲ್ಲಿ ಕನ್ನಡವೂ ಮರಾಠಿಯೂ ಬರುವ ಒಬ್ಬ ಹುಡುಗಿ ಇದ್ದರೆ ಎರಡೂ ಕಡೆಯ ಜನ ಅವಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

"ಅದೆಲ್ಲಾ ಖರೇರಿ, ಆದ್ರ ಹೊಟ್ಟಿಗೇನು?" ಅಂತ ಅಣ್ಣ ಕೇಳುವುದು ನನಗೆ ಕೇಳಿಸುತ್ತಿದೆ. ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಎಂ.ಎ. ಮಾಡಿದ ತಕ್ಷಣ ಕೆಲಸ ಬಾಗಿಲು ತಟ್ಟುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ನೆಟ್ ಅಥವಾ ಸೆಟ್ ಪಾಸು ಮಾಡಬೇಕು. ಪಾಸು ಮಾಡಿಯೂ ಕಾಯುತ್ತಿರುವವರಿದ್ದಾರೆ. ಆದರೆ ಭೂಗೋಳ ಅಂದರೆ ಬರೀ ಪಾಠ ಅಲ್ಲ. ಆಸ್ಪತ್ರೆ ಯಾವ ಹಳ್ಳಿಯಲ್ಲಿ ಆದರೆ ಹೆಚ್ಚು ಜನಕ್ಕೆ ಹತ್ತಿರ, ಬಸ್ಸು ಯಾವ ದಾರಿಯಲ್ಲಿ ಹೋಗಬೇಕು, ಬ್ಯಾಂಕಿನ ಶಾಖೆ ಎಲ್ಲಿ ತೆರೆಯಬೇಕು, ಇವೆಲ್ಲ ಸಂತೆಯ ಲೆಕ್ಕದ ಮಕ್ಕಳೇ. 1971ರಲ್ಲಿ ಹೈದರಾಬಾದಿನ ಒಂದು ಸರಕಾರಿ ಸಂಸ್ಥೆ ಮಿರ್ಯಾಲಗುಡ ತಾಲೂಕನ್ನು ಹಿಡಿದು, ಯಾವ ಊರಿನಲ್ಲಿ ಯಾವ ಸೌಕರ್ಯ ಇದ್ದರೆ ಸುತ್ತಲಿನ ಹಳ್ಳಿಗಳಿಗೆ ಅನುಕೂಲ ಅಂತ ಯೋಜನೆ ಮಾಡಿ ತೋರಿಸಿತ್ತು. ಬೆಂಗಳೂರು ನಗರ ಒಳಗೊಳಗೆ ಹೇಗೆ ಕಟ್ಟಿಕೊಂಡಿದೆ ಅಂತ ವಿ. ಎಲ್. ಎಸ್. ಪ್ರಕಾಶರಾವ್, ವಿ. ಕೆ. ತಿವಾರಿ 1979ರಲ್ಲೇ ಪುಸ್ತಕ ಬರೆದರು. ಪ್ರಕಾಶರಾವ್ ಅವರೂ ಭೂಗೋಳದವರೇ. ಈಗಂತೂ ಉಪಗ್ರಹದ ಚಿತ್ರ, ಕಂಪ್ಯೂಟರ್ ನಕ್ಷೆ ಬಂದಿವೆ. ಜಿ.ಐ.ಎಸ್. ಅನ್ನುವ ಆ ವಿದ್ಯೆಯನ್ನು ಜತೆಗೆ ಕಲಿತವರಿಗೆ ಸರಕಾರಿ ಯೋಜನೆಗಳಲ್ಲೂ ಕಂಪನಿಗಳಲ್ಲೂ ಕೆಲಸ ಉಂಟು. ಬ್ಯಾಂಕ್ ಪರೀಕ್ಷೆಯಷ್ಟು ನೆಟ್ಟಗಿನ ದಾರಿ ಅಲ್ಲ. ಆದರೆ ದಾರಿಯೇ ಇಲ್ಲ ಅನ್ನುವ ಹಾಗೂ ಇಲ್ಲ.

ತಂಗೀ, ನಿನಗೂ ಒಂದು ಮಾತು. ಅಪ್ಪನಿಗೆ ತಿಳಿಯುವುದಿಲ್ಲ ಅಂತ ಸುಮ್ಮನಾಗಬೇಡ. ನೀನು ಓದಬೇಕೆಂದಿರುವ ಪುಸ್ತಕದ ಮೊದಲ ಅಧ್ಯಾಯ ನಿಮ್ಮ ಅಂಗಡಿಯ ಗಲ್ಲೆಯ ಹಿಂದೆ ಕುಳಿತಿದೆ.

ಇದು ನಾನು ಸುಮ್ಮನೆ ಹೇಳುವ ಮಾತಲ್ಲ. ಮೊನ್ನೆ ಬುಧವಾರ ಆ ಅಣ್ಣನಿಗೆ ನಾನೇ ಫೋನು ಮಾಡಿದೆ. ಓದಿನ ವಿಷಯ ಎತ್ತಲೇ ಇಲ್ಲ. "ನಿಮ್ಮೂರಿನ ಸಂತೆ ಯಾವ ವಾರ ಅಣ್ಣಾ?" ಅಂತಷ್ಟೇ ಕೇಳಿದೆ. "ಸ್ವಾಮಾರ್ರೀ" ಅಂದವರು ಮುಂದೆ ನಿಲ್ಲಿಸಲೇ ಇಲ್ಲ. ಅವರ ತಾಯಿ ಶೇಂಗಾ ಹೊತ್ತುಕೊಂಡು ಯಾವ ಹಳ್ಳ ದಾಟಿ ಹೋಗುತ್ತಿದ್ದರು, ಮಳೆಗಾಲದಲ್ಲಿ ಹಳ್ಳ ಬಂದರೆ ಯಾವ ಬೇರೆ ಸಂತೆಗೆ ಹೋಗುತ್ತಿದ್ದರು, ತೂಕದಲ್ಲಿ ಯಾರು ಮೋಸ ಮಾಡುತ್ತಿದ್ದರು, ಅವರಪ್ಪ ಮಗಳಿಗೆ ಗಂಡು ನೋಡಿದ್ದು ಯಾವ ಹಗ್ಗದಂಗಡಿಯ ಮುಂದೆ ನಿಂತು... ನಾಲ್ವತ್ತು ನಿಮಿಷ. ನಡುವೆ "ಒಂದ್ ನಿಮಿಷ್ರೀ, ಗಿರಾಕಿ ಬಂದಾರ" ಅಂತ ಎರಡು ಸಲ ಎದ್ದು ಹೋದರು, ಮತ್ತೆ ಬಂದು ಶುರು ಮಾಡಿದರು.

ಕೊನೆಗೆ ಧ್ವನಿ ಸಣ್ಣದಾಯಿತು. "ಈಗ ಆ ಸಂತಿ ಭಾಳ ಸಣ್ಣದಾಗ್ಯಾದ್ರಿ ಮೇಡಂ. ಹೋದ ವರ್ಷ ಹೋಗಿದ್ದೆ, ನಾಕೇ ನಾಕು ಮಂದಿ ಕುಂತಿದ್ರು. ಎಲ್ಲಾರ್ಗೂ ಮೋಟಾರ್ ಸೈಕಲ್ ಅದಾವ, ನೆಟ್ಟಗ ಬಾದಾಮಿಗೇ ಹೋಗ್ತಾರ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೆಲ್ಲಾ ಯಾರೂ ಬರದಿಟ್ಟಿಲ್ಲ ಬಿಡ್ರಿ" ಅಂದರು.

ಬರೆದಿಡಲು ಒಬ್ಬಳು ಮನೆಯಲ್ಲೇ ಇದ್ದಾಳಲ್ಲ ಅಣ್ಣಾ ಅಂತ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಮಾತಿನ ನಡುವೆ ಹಿಂದಿನಿಂದ ಒಂದು ಹುಡುಗಿಯ ಧ್ವನಿ "ಅಪ್ಪಾ, ಆ ಹಳ್ಳದ ಹೆಸರೇನಂದಿ?" ಅಂತ ಕೇಳಿದ್ದು ನನಗೂ ಕೇಳಿಸಿತ್ತು. ಅವರಿಗೂ ಕೇಳಿಸಿರಬೇಕು. ಫೀ ತುಂಬುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಆ ಮನೆಯವರ ತೀರ್ಮಾನ. ನಾನು ಕೇಳುವುದೂ ಇಲ್ಲ.

ಆದರೆ ನಿಮ್ಮನ್ನು ಒಂದು ಕೇಳುತ್ತೇನೆ ಮಿತ್ರರೇ. ಈ ವಾರ ಊರಿಗೆ ಫೋನು ಮಾಡಿದಾಗ ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿ. ನಮ್ಮೂರಿನ ಸಂತೆ ಯಾವ ವಾರ? ಹಿಂದಿನವರು ಯಾವ ದಾರಿಯಲ್ಲಿ ಹೋಗುತ್ತಿದ್ದರು? ಅಲ್ಲಿ ಯಾವ ಯಾವ ಊರಿನವರು ಸಿಗುತ್ತಿದ್ದರು? ಉತ್ತರವನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ನಮಗೆ ಕಳಿಸಿ. ಊರು, ತಾಲೂಕು, ವಾರ, ಇಷ್ಟಿದ್ದರೂ ಸಾಕು. ಬಂದದ್ದನ್ನೆಲ್ಲ ಈ ಪುಟಗಳಲ್ಲಿ ಪಟ್ಟಿ ಮಾಡಿ ಹಾಕೋಣ. ಪುಣೆಯ ಕನ್ನಡಿಗರ ಸಂತೆ ನಕ್ಷೆ ಒಂದು ಆಗಲಿ. 1941ರಲ್ಲಿ ಒಬ್ಬ ಮೇಷ್ಟ್ರು ಶುರು ಮಾಡಿದ ಕೆಲಸಕ್ಕೆ ನಮ್ಮದೂ ಒಂದು ಬುಟ್ಟಿ ಮಣ್ಣು.

ಉತ್ತರ ಹೇಳಬಲ್ಲವರು ಇನ್ನೂ ಫೋನೆತ್ತುತ್ತಿದ್ದಾರೆ. ಬೇಗ ಕೇಳಿ.

ಮುಂದಿನ ಭಾನುವಾರ ಮತ್ತೆ ಸಿಗೋಣ. ಅವತ್ತು ಹಾಡು ಜಾಸ್ತಿ ಇರುತ್ತದೆ, ಮಾತು ಕೊಟ್ಟೆ. ನಮಸ್ಕಾರ.